ಆರನೆಯ ಗಡಿಗೆ

ಬೇಸಿಗೆಯ ಎರಡನೆಯ ತಿಂಗಳ ಮೊದಲ ಸೋಮವಾರ ಅತ್ತೆಗೆ ಕಣ್ಣಿನ ಆಪರೇಷನ್ ಆಯಿತು. ಬುಧವಾರ ಅವರು ಮಗಳ ಮನೆಗೆ ಹೋದರು. ಆರು ವಾರ ಬಗ್ಗಬಾರದು, ಬಿಸಿಲಿಗೆ ಬರಬಾರದು ಎಂದು ಡಾಕ್ಟರು ಹೇಳಿದ್ದರು. ಶುಕ್ರವಾರ ನಲ್ಲಿಯ ನೀರು ದಿನಕ್ಕೆ ಒಂದು ಗಂಟೆಗೆ ಇಳಿಯಿತು. ಭಾನುವಾರ ಹಿತ್ತಲಿನ ಆರು ಬದನೆ ಗಿಡಗಳ ಪಕ್ಕದಲ್ಲಿ ಆರು ಮಣ್ಣಿನ ಗಡಿಗೆಗಳನ್ನು ಹೂಳಲಾಯಿತು. ಸೊಸೆಯ ನೋಟ್‌ಬುಕ್ಕಿನಲ್ಲಿ ಆ ಭಾನುವಾರವೇ ಮೊದಲನೆಯ ದಿನ.

ಅವಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನೀಷಿಯನ್. ಬರೆದಿಡದ ಅಂಕಿ ಅವಳ ಪಾಲಿಗೆ ಇಲ್ಲದ ಅಂಕಿ. ಹಿತ್ತಲನ್ನು ತನಗೆ ಒಪ್ಪಿಸಿದಾಗ ಅವಳು ಹೆದರಿದ್ದು ಬಿಸಿಲಿಗಲ್ಲ, ಆ ಬದನೆಗೆ. ಕೋಳಿಮೊಟ್ಟೆಗಿಂತ ತುಸು ದೊಡ್ಡದಾದ, ತಿಳಿಹಸಿರು ಮೈಯ ಮೇಲೆ ಬಿಳಿ ಗೆರೆಗಳಿದ್ದ ಆ ಕಾಯಿ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಅತ್ತೆಯ ತಾಯಿ ಅದನ್ನು ಬೆಳೆದಿದ್ದರು. ಐವತ್ತು ವರ್ಷಗಳಿಂದ ಅತ್ತೆ ಪ್ರತಿ ವರ್ಷ ಒಂದು ಕಾಯಿಯನ್ನು ಗಿಡದಲ್ಲೇ ಹಣ್ಣಾಗಲು ಬಿಟ್ಟು ಬೀಜ ತೆಗೆದಿಡುತ್ತಿದ್ದರು. ಹಿಂದಿನ ಎರಡು ಬೇಸಿಗೆಗಳಲ್ಲಿ ಒಂದು ಕಾಯಿಯೂ ಹಣ್ಣಾಗಲಿಲ್ಲ. ಈ ಸಲ ಡಬ್ಬಿಯಲ್ಲಿ ಉಳಿದಿದ್ದ ಹಳೆಯ ಬೀಜವನ್ನೆಲ್ಲ ಚೆಲ್ಲಿದ್ದಕ್ಕೆ ಮೊಳೆತದ್ದು ಆರೇ ಆರು. ಡಬ್ಬಿ ಬರಿದಾಗಿತ್ತು. ಪ್ರತಿ ಗಿಡದ ಚೊಚ್ಚಲ ಕಾಯಿಗೂ ಅತ್ತೆ ಕೆಂಪು ದಾರ ಕಟ್ಟಿ, ಹೊರಡುವಾಗ ಆಟೋದಲ್ಲಿ ಕೂತು ಕಪ್ಪು ಕನ್ನಡಕದ ಹಿಂದಿನಿಂದ ಹೇಳಿದ್ದರು:

"ಆರರಲ್ಲಿ ಒಂದು ಹಣ್ಣಾದ್ರೂ ಸಾಕು ನಂಗೆ. ಚೆನ್ನಾಗಿದೆ ಅಂತ ಕೊಯ್ದು ಒಲೆ ಮೇಲೆ ಇಟ್ಟುಬಿಡಬೇಡ, ಮತ್ತೆ."

ಗಡಿಗೆಯ ಉಪಾಯವೂ ಅವರದೇ. ಕತ್ತಿನವರೆಗೆ ಹೂತ ಗಡಿಗೆಗೆ ನೀರು ತುಂಬಿ ಬಾಯಿ ಮುಚ್ಚಿಟ್ಟರೆ, ಸುತ್ತಲಿನ ಮಣ್ಣು ಒಣಗಿದಂತೆಲ್ಲ ಅದು ನೀರು ಬಿಡುತ್ತದೆ. ಮಣ್ಣಿಗೆ ಸಾಕಾದಾಗ ತಾನಾಗಿಯೇ ನಿಲ್ಲಿಸುತ್ತದೆ. ಮೇಲಿನಿಂದ ಸುರಿದ ನೀರಿನಲ್ಲಿ ಅರ್ಧ ಬಿಸಿಲಿನ ಬಾಯಿಗೆ ಹೋಗುತ್ತದೆ, ಗಡಿಗೆಯ ನೀರು ನೇರ ಬೇರಿಗೆ. ಅತ್ತೆ ಇದನ್ನು ಸೊಸೆಗೆ ಎರಡು ಸಲ ಹೇಳಿದ್ದರು. ಗಡಿಗೆ ತರುವ, ಹೂಳುವ ಕೆಲಸವನ್ನು ಮೈದುನನಿಗೆ ವಹಿಸಿದ್ದರು. ಅವನು ತಾರಸಿ ಮತ್ತು ನೀರಿನ ತೊಟ್ಟಿಗಳಿಗೆ ವಾಟರ್‌ಪ್ರೂಫಿಂಗ್ ಮಾಡುವವನು, ಗುದ್ದಲಿ ಹಿಡಿದರೆ ಗೆರೆ ಎಳೆದಂತೆ ಅಗೆಯುವವನು. ಆ ಭಾನುವಾರ ಸೊಸೆಗೆ ಲ್ಯಾಬಿನಲ್ಲಿ ಡ್ಯೂಟಿ ಇತ್ತು. ಸಂಜೆ ಬಂದು ನೋಡಿದಾಗ ಆರು ಗಡಿಗೆಗಳೂ ನೆಲದಲ್ಲಿ ಕೂತಿದ್ದವು, ಒಂದರ ಕತ್ತೂ ವಾರೆಯಿರಲಿಲ್ಲ.

ಉಳಿದ ಹಿತ್ತಲು ಅವಳಿಗೆ ತೊಂದರೆ ಕೊಡಲಿಲ್ಲ. ಬೆಂಡೆಯ ಸಾಲಿಗೆ ಅಕ್ಕಿ ತೊಳೆದ ನೀರು, ಹೀರೆಬಳ್ಳಿಗೆ ಸ್ನಾನದ ಮನೆಯ ನೀರು, ಎಲ್ಲದರ ಬುಡಕ್ಕೂ ಒಂದು ಗೇಣು ಒಣ ಎಲೆಯ ಹೊದಿಕೆ. ಮಧ್ಯಾಹ್ನ ನಲವತ್ಮೂರು ಡಿಗ್ರಿ ಮುಟ್ಟುತ್ತಿದ್ದ ಆ ದಿನಗಳಲ್ಲೂ ಬೆಂಡೆ ಮೊಂಡುಬಿದ್ದು ಕಾಯಿ ಬಿಡುತ್ತಲೇ ಇತ್ತು. ಅವಳ ತಲೆ ಕೆಡಿಸಿದ್ದು ಆ ಆರು ಗಡಿಗೆಗಳು.

ಮೂರನೆಯ ದಿನ ಬೆಳಿಗ್ಗೆ ಐದೂವರೆಗೆ ಅವಳು ಮರದ ಸ್ಕೇಲು ಇಳಿಸಿ ಅಳೆದಳು. ಮೊದಲಿನಿಂದ ಐದನೆಯವರೆಗಿನ ಗಡಿಗೆಗಳಲ್ಲಿ ನೀರು ಅರ್ಧ ಸೆಂಟಿಮೀಟರ್ ಕೂಡ ಇಳಿದಿರಲಿಲ್ಲ. ಆರನೆಯದರಲ್ಲಿ ಒಂಬತ್ತು ಸೆಂಟಿಮೀಟರ್ ಇಳಿದಿತ್ತು. ಸ್ಕೇಲನ್ನು ತಪ್ಪು ಹಿಡಿದಿರಬೇಕೆಂದು ಮತ್ತೆ ಅಳೆದಳು. ಅಷ್ಟೇ ಬಂತು. ಆರನ್ನೂ ಕತ್ತಿನವರೆಗೆ ತುಂಬಿಸಿ, ನಾಲ್ಕನೆಯ ದಿನವೂ ಐದನೆಯ ದಿನವೂ ಅದೇ ಹೊತ್ತಿಗೆ ಅಳೆದಳು. ಐದು ಗಡಿಗೆಗಳು ಮುನಿಸಿಕೊಂಡವರ ಹಾಗೆ ತಮ್ಮ ನೀರನ್ನು ತಾವೇ ಇಟ್ಟುಕೊಂಡು ಕೂತಿದ್ದವು. ಆರನೆಯದು ದಿನಕ್ಕೆ ಎರಡು ಲೀಟರ್ ಕುಡಿಯುತ್ತಿತ್ತು.

ನಾಯಿಯೋ ಕಾಗೆಯೋ ಬಾಯಿ ಹಾಕುತ್ತಿರಬಹುದೆಂದು ಆರನೆಯದರ ಮುಚ್ಚಳದ ಮೇಲೆ ಕಲ್ಲು ಹೇರಿದಳು. ಕಲ್ಲು ಕದಲಲಿಲ್ಲ, ನೀರು ಮಾತ್ರ ಇಳಿಯಿತು.

ಆರನೆಯ ದಿನ ಬೆಳಿಗ್ಗೆ ಮೊದಲ ಐದು ಗಿಡಗಳ ಎಲೆಗಳು ಜೋತುಬಿದ್ದಿದ್ದವು. ಮಧ್ಯಾಹ್ನದ ಹೊತ್ತು ಎಲೆ ಸೋತರೆ ಅವಳು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಅಗಲ ಎಲೆಯ ಗಿಡ ಉರಿಬಿಸಿಲಿನಲ್ಲಿ ಸೋಲುತ್ತದೆ, ಸಂಜೆಗೆ ಚೇತರಿಸಿಕೊಳ್ಳುತ್ತದೆ. ರಾತ್ರಿಯೆಲ್ಲ ತಂಪಿನಲ್ಲಿದ್ದ ಗಿಡ ಬೆಳಿಗ್ಗೆ ಸೋತಿದ್ದರೆ ಅದು ಬೇರೆಯೇ ಮಾತು. ಆರನೆಯ ಗಿಡ ಮಾತ್ರ ನೆಟ್ಟಗೆ, ಏನೂ ಆಗದವರ ಹಾಗೆ ನಿಂತಿತ್ತು.

ಇಲ್ಲಿಂದ ಅವಳಿಗೆ ತಲೆಬುಡ ತಿಳಿಯದಾಯಿತು. ಗಡಿಗೆ ತುಂಬಿದೆ ಎಂದರೆ ಮಣ್ಣಿಗೆ ಸಾಕಾಗಿದೆ. ಇದು ಅತ್ತೆಯ ಮಾತು. ಮಣ್ಣಿಗೆ ಸಾಕಾಗಿದ್ದರೆ ಗಿಡ ಏಕೆ ಸೋಲಬೇಕು? ನೀರು ಹೆಚ್ಚಾಗಿ ಬೇರು ಕೊಳೆತರೂ ಎಲೆ ಹೀಗೆಯೇ ಜೋಲುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹಾಗಾದರೆ ಐದು ಗಿಡಗಳಿಗೂ ನೀರು ಹೆಚ್ಚಾಗಿದೆಯೆ? ಎಲೆಯ ಹೊದಿಕೆ ಸರಿಸಿ ಬೆರಳು ಚುಚ್ಚಿದಳು. ಎರಡು ಗೆಣ್ಣಿನ ಆಳಕ್ಕೂ ಮಣ್ಣು ಒಣಗಿತ್ತು. ಅದು ಉತ್ತರವೆಂದುಕೊಳ್ಳುವಷ್ಟರಲ್ಲಿ ಆರನೆಯ ಗಿಡದ ಬುಡಕ್ಕೂ ಬೆರಳು ಚುಚ್ಚಿದಳು. ಅಲ್ಲಿಯೂ ಎರಡು ಗೆಣ್ಣು ಒಣ ಮಣ್ಣು. ಸೋತ ಗಿಡಕ್ಕೂ ಗಟ್ಟಿ ಗಿಡಕ್ಕೂ ಒಂದೇ ಫಲಿತಾಂಶ ಕೊಡುವ ಪರೀಕ್ಷೆ ಪರೀಕ್ಷೆಯೇ ಅಲ್ಲ. ಇನ್ನೂ ಆಳಕ್ಕೆ ಅಗೆದು ನೋಡೋಣವೆಂದರೆ ಬೇರು ಹರಿಯುವ ಭಯ.

ಒಂಬತ್ತನೆಯ ದಿನ ಮನಸ್ಸು ತಡೆಯದೆ ಮೂರನೆಯ ಗಿಡದ ಬುಡಕ್ಕೆ ಎರಡು ಚೊಂಬು ನೀರು ಹಾಕಿದಳು. ಅದೇ ದಿನ ಅದರ ಮೇಲೆ ಹಳೆಯ ಬೆಡ್‌ಶೀಟೊಂದನ್ನು ನಾಲ್ಕು ಕೋಲಿಗೆ ಕಟ್ಟಿ ನೆರಳು ಮಾಡಿದಳು. ಅದೇ ಮಧ್ಯಾಹ್ನ ಎಲ್ಲಿಂದಲೋ ಮೋಡ ಬಂದು ಬಿಸಿಲು ಮೂರು ಡಿಗ್ರಿ ಕಡಿಮೆಯಾಯಿತು. ಮರುದಿನ ಬೆಳಿಗ್ಗೆ ಮೂರನೆಯ ಗಿಡ ತಲೆ ಎತ್ತಿತ್ತು. ನೀರಿನಿಂದಲೋ ನೆರಳಿನಿಂದಲೋ ಮೋಡದಿಂದಲೋ ಹೇಳುವ ಹಾಗಿರಲಿಲ್ಲ. ಒಂದೇ ದಿನ ಎರಡು ಬದಲಾವಣೆ ಮಾಡಿದ್ದಕ್ಕೆ ಅವಳು ತನ್ನನ್ನು ತಾನೇ ಬೈದುಕೊಂಡಳು. ಲ್ಯಾಬಿಗೆ ಹೊಸದಾಗಿ ಸೇರಿದವರು ಹೀಗೆ ಮಾಡಿದ್ದರೆ ಅವಳು ಸುಮ್ಮನೆ ಬಿಡುತ್ತಿರಲಿಲ್ಲ.

ಅತ್ತೆ ದಿನ ಬಿಟ್ಟು ದಿನ ಫೋನ್ ಮಾಡುತ್ತಿದ್ದರು. ಕಣ್ಣಿಗೆ ನೀರು ಬರಬಾರದು, ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದು ಡಾಕ್ಟರು ಹೇಳಿದ್ದರಿಂದ ಸೊಸೆಯೂ ಅವಳ ಗಂಡನೂ ಎಲ್ಲ ಚೆನ್ನಾಗಿದೆ ಎಂದೇ ಹೇಳುವುದೆಂದು ಮೊದಲೇ ಮಾತಾಡಿಕೊಂಡಿದ್ದರು. ಎರಡನೆಯ ಗಿಡದ ದಾರ ಕಟ್ಟಿದ ಕಾಯಿ ಸುರುಟಿ ಉದುರಿದ ದಿನವೂ ಚೆನ್ನಾಗಿದೆ ಎಂದಳು. ಹನ್ನೊಂದನೆಯ ದಿನದ ಹೊತ್ತಿಗೆ ಮೊದಲನೆಯದೂ ನಾಲ್ಕನೆಯದೂ ಉದುರಿ, ಮೂರು ಕೆಂಪು ದಾರಗಳು ಅವಳ ನೋಟ್‌ಬುಕ್ಕಿನ ಪುಟಗಳ ನಡುವೆ ಸೇರಿದ್ದವು. ಆರನೆಯ ಗಿಡದ ಕಾಯಿ ಮಾತ್ರ ದುಂಡಗೆ ತುಂಬಿಕೊಳ್ಳುತ್ತಿತ್ತು.

ಅದೇ ದಿನ ನಲ್ಲಿಯ ನೀರು ದಿನ ಬಿಟ್ಟು ದಿನಕ್ಕೆ ಇಳಿಯಿತು. ಇದ್ದ ಒಂದು ಡ್ರಮ್ಮಿನಲ್ಲಿ ಅಡುಗೆ, ಸ್ನಾನ, ಬಟ್ಟೆ, ಹಿತ್ತಲು ಎಲ್ಲವೂ ಆಗಬೇಕು. ದಿನಕ್ಕೆ ಎರಡು ಲೀಟರ್ ನುಂಗುವ ಆರನೆಯ ಗಡಿಗೆ ಈಗ ಕಣ್ಣಿಗೆ ಚುಚ್ಚತೊಡಗಿತು. ರಾತ್ರಿಯ ಊಟಕ್ಕೆ ಕೂತಾಗ ಗಂಡನ ಮುಂದೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಅವನು ಬಸ್ ಕಂಡಕ್ಟರ್. ಅಂಕಿಗಳನ್ನೆಲ್ಲ ಕೇಳಿ, ಇದರಲ್ಲಿ ತಲೆ ಕೆಡಿಸಿಕೊಳ್ಳುವುದೇನಿದೆ ಎನ್ನುವಂತೆ ಅವಳನ್ನು ನೋಡಿದ.

"ಬಸ್ಸಲ್ಲಿ ಐದು ಜನ ಟಿಕೆಟ್ ತೊಗೊಂಡಿದಾರೆ, ಒಬ್ಬ ತೊಗೊಂಡಿಲ್ಲ. ಇಳಿಸಬೇಕಾದ್ದು ಯಾರನ್ನ? ಐವರನ್ನಾ?"

ಮಾತು ತಮಾಷೆಯದು. ಆದರೆ ಅವಳು ಕಲಿತ ಕ್ರಮವೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತಿತ್ತು. ಆರು ಮಾದರಿಗಳಲ್ಲಿ ಐದು ಒಂದೇ ಮಾತು ಹೇಳಿ ಒಂದು ಬೇರೆ ಹೇಳಿದರೆ, ಆ ಒಂದನ್ನು ಮತ್ತೆ ಪರೀಕ್ಷಿಸಬೇಕು. ಮತ್ತೆಯೂ ಹಾಗೆಯೇ ಬಂದರೆ ಪಾತ್ರೆಯಲ್ಲೇ ದೋಷ ಹುಡುಕಬೇಕು. ಆರನೆಯ ಗಡಿಗೆ ಬಿರುಕು ಬಿಟ್ಟಿದೆ. ಐದು ಗಿಡಗಳಿಗೆ ಬೇರೇನೋ ಬೇರಿನ ರೋಗ ತಗುಲಿದೆ. ಹೀಗೆ ಎರಡು ತೀರ್ಮಾನಗಳನ್ನು ಒಂದರ ಕೆಳಗೊಂದು ಬರೆದಳು. ಸೋರುವ ಗಡಿಗೆಯ ಪಕ್ಕದ ಗಿಡವೇ ಏಕೆ ಚೆನ್ನಾಗಿದೆ ಎಂಬ ಪ್ರಶ್ನೆಯನ್ನೂ ಬರೆದಳು. ಅದರ ಮುಂದೆ ಏನು ಬರೆಯಬೇಕೆಂದು ತೋಚದೆ ಒಂದು ಗೆರೆ ಖಾಲಿ ಬಿಟ್ಟಳು.

ಮರುದಿನ ಬೆಳಿಗ್ಗೆ ಆರನೆಯ ಗಡಿಗೆ ಸೋರುತ್ತಿದೆ, ಗಿಡಕ್ಕೆ ಪೆಟ್ಟಾಗದ ಹಾಗೆ ಸರಿ ಮಾಡಿಕೊಡಲಾಗುತ್ತದೆಯೇ ಎಂದು ಮೈದುನನನ್ನು ಕೇಳಿದಳು. ಅವನ ಮುಖ ಅರಳಿತು. ಮನೆಯಲ್ಲಿ ಅವನ ಕಸುಬಿನ ಸಹಾಯವನ್ನು ಯಾರೂ ಹಾಗೆ ಬಾಯಿಬಿಟ್ಟು ಕೇಳಿದ್ದಿಲ್ಲ. ಸಂಜೆ ಅವಳು ಲ್ಯಾಬಿನಿಂದ ಬರುವ ಹೊತ್ತಿಗೆ ಕೆಲಸ ಮುಗಿದಿತ್ತು.

"ಇನ್ನು ಒಂದು ತೊಟ್ಟೂ ಹೋಗಲ್ಲ ಅತ್ತಿಗೆ. ನಾಳೆ ನಿಮ್ಮ ಸ್ಕೇಲು ಇಳಿಸಿ ನೋಡಿ."

ಹದಿಮೂರನೆಯ ದಿನ ನೋಡಿದಳು. ನೀರು ಇಳಿದಿರಲಿಲ್ಲ. ಮೊದಲ ಬಾರಿಗೆ ಆರು ಅಂಕಿಗಳು ಒಂದರ ಕೆಳಗೊಂದು ಒಂದೇ ಆಗಿ ಕೂತವು. ಎರಡು ವಾರದಲ್ಲಿ ಅಂದೊಂದು ದಿನ ಅವಳು ನೋಟ್‌ಬುಕ್ಕನ್ನು ಸಮಾಧಾನದಿಂದ ಮುಚ್ಚಿದಳು.

ಹದಿನೈದನೆಯ ದಿನ ಬೆಳಿಗ್ಗೆ ಆರನೆಯ ಗಿಡದ ಎಲೆಗಳು ಜೋತುಬಿದ್ದಿದ್ದವು.

ಹದಿನಾರನೆಯ ದಿನ ಅವು ಇನ್ನೂ ಕೆಳಗಿಳಿದಿದ್ದವು. ದಾರ ಕಟ್ಟಿದ ಕಾಯಿಯ ತೊಟ್ಟಿನ ಬಳಿ ಸಿಪ್ಪೆ ಸಣ್ಣಗೆ ಸುಕ್ಕಾಗಿತ್ತು. ಉಳಿದ ಗಿಡಗಳಲ್ಲಿ ಆ ಹೊತ್ತಿಗೆ ಒಂದು ಕಾಯಿಯೂ ಇರಲಿಲ್ಲ. ಅವಳು ನೋಟ್‌ಬುಕ್ಕಿನ ಪುಟಗಳನ್ನು ಹಿಂದಕ್ಕೆ ತಿರುವಿದಳು. ತಾನು ಮಾಡಿದ್ದು ಒಂದೇ ಬದಲಾವಣೆ: ಸೋರುವುದನ್ನು ನಿಲ್ಲಿಸಿದ್ದು. ನಾಲ್ಕು ದಿನಗಳಲ್ಲಿ ಗಿಡ ಸೋತಿತು. ಕಾರಣ ಕೈಗೆ ಸಿಕ್ಕಿದಂತೆಯೂ ಇತ್ತು, ಸಿಗದಂತೆಯೂ ಇತ್ತು. ಬಿರುಕು ಬಿಟ್ಟ ಗಡಿಗೆಯೇ ಗಿಡವನ್ನು ಕಾಪಾಡುತ್ತಿತ್ತೆಂದರೆ, ಒಳ್ಳೆಯ ಗಡಿಗೆಗಳು ಮಾಡುತ್ತಿದ್ದುದೇನು?

ಅವಳು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಅತ್ತೆಗೆ ಫೋನ್ ಮಾಡಿ ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿಬಿಟ್ಟಳು. ಉದುರಿದ ಐದು ಕಾಯಿಗಳನ್ನು, ಹೇಳಿದ ಸುಳ್ಳುಗಳನ್ನು, ಅಂಕಿಗಳನ್ನು. ಎಲ್ಲ ಕೇಳಿಸಿಕೊಂಡ ಮೇಲೆ ಅತ್ತೆ ಕೇಳಿದರು:

"ಗಡಿಗೆ ಕತ್ತು ಹೊರಗೆ ಕಾಣ್ತಿದೆಯಲ್ಲ, ಮುಟ್ಟು. ಒದ್ದೆ ಇದೆಯಾ?"

ಮುಟ್ಟಿದಳು. ಆರಕ್ಕೆ ಆರೂ ಒಣಗಿದ್ದವು.

"ಕತ್ತಿನವರೆಗೆ ನೀರಿದ್ದು ಹೊರಗೆ ಒಣಗಿದ್ರೆ ಅದು ಮಣ್ಣಿನ ಗಡಿಗೆಯೇನೇ? ಒಳಗೆ ಕೈ ಹಾಕು."

ಆರನೆಯದರ ಒಳಗೆ ಕೈ ಹಾಕಿ ಗೋಡೆ ಸವರಿದಳು. ತರಿತರಿಯಾಗಿ ಹತ್ತಬೇಕಾದ ಮಣ್ಣು ಪಿಂಗಾಣಿ ತಟ್ಟೆಯ ಹಾಗೆ ಜಾರಿತು. ಇದು ಈಗ ರಿಪೇರಿಯಾದದ್ದು, ಜಾರಬೇಕಾದದ್ದೇ ಎಂದುಕೊಂಡು ಐದನೆಯದಕ್ಕೆ ಕೈ ಹಾಕಿದಳು. ಅದೂ ಜಾರಿತು. ನಾಲ್ಕನೆಯದೂ ಜಾರಿತು. ಮೊದಲನೆಯದರವರೆಗೂ ಹಾಗೆಯೇ. ಅವಳ ಅಳತೆಕೋಲು ಹದಿಮೂರು ದಿನ ಆ ನೀರಿಗೆ ಇಳಿದಿತ್ತು, ಅವಳ ಕೈ ಒಂದು ದಿನವೂ ಇಳಿದಿರಲಿಲ್ಲ.

"ಆಪರೇಷನ್ ಆಗಿದ್ದು ನನ್ನ ಕಣ್ಣಿಗೋ ನಿನ್ನ ಕಣ್ಣಿಗೋ?" ಎಂದರು ಅತ್ತೆ. ದನಿಯಲ್ಲಿ ಕೋಪವಿತ್ತೋ ನಗುವಿತ್ತೋ ಅವಳಿಗೆ ಗೊತ್ತಾಗಲಿಲ್ಲ. "ಮೊದಲು ಅದರ ಬುಡಕ್ಕೆ ನೀರು ಹಾಕು. ಆಮೇಲೆ ಆ ಮಹಾನುಭಾವನ್ನ ಕರಿ."

ಸೊಸೆ ಆರನೆಯ ಗಿಡಕ್ಕೆ ಮೂರು ಚೊಂಬು ನೀರನ್ನು ಒಂದೊಂದೇ ಗುಟುಕು ಕುಡಿಸುವಂತೆ ಬುಡಕ್ಕೆ ಬಿಟ್ಟಳು. ಮೈದುನ ಕೈಯಲ್ಲಿ ಟೀ ಲೋಟ ಹಿಡಿದೇ ಹಿತ್ತಲಿಗೆ ಬಂದ. ಗಡಿಗೆಗಳಿಗೆ ಏನಾದರೂ ಬಳಿದಿದ್ದೀಯಾ ಎಂದು ಕೇಳಿದ್ದಕ್ಕೆ ಅವನು ಸಂಕೋಚದಿಂದ ನಕ್ಕ. ಗುಟ್ಟಾಗಿ ಮಾಡಿದ ಉಪಕಾರ ಬಯಲಾದವರ ನಗು ಅದು.

"ತಂದ ದಿನ ನೀರು ಹಾಕಿ ನೋಡ್ದೆ ಅತ್ತಿಗೆ. ಆರೂ ಸೋರ್ತಿದ್ವು. ಹೊರಗೆಲ್ಲ ಒದ್ದೆ. ಆ ಕುಂಬಾರ ಟೋಪಿ ಹಾಕಿದಾನೆ ಅಂದ್ಕೊಂಡೆ. ವಾಪಸ್ ಹೊತ್ಕೊಂಡು ಹೋಗೋದ್ಯಾಕೆ ಅಂತ ನನ್ನ ಹತ್ರ ಇದ್ದ ಕೋಟಿಂಗ್‌ನೇ ಒಳಗೆ ಎರಡು ಕೈ ಹೊಡೆದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕುಡಿಯೋ ನೀರಿನ ತೊಟ್ಟಿಗೆ ಹಾಕೋದು. ಐದಕ್ಕೇ ಡಬ್ಬಿ ಮುಗೀತು."

"ಆರನೇದು?"

"ಅದೊಂದು ಉಳೀತಲ್ಲ ಅಂತ ಮನಸ್ಸಲ್ಲೇ ಇತ್ತು. ನೀವೇ ಕೇಳಿದ್ರಿ. ಹೊಸ ಡಬ್ಬಿ ಒಡೆದು ಹಾಕ್ಕೊಟ್ಟೆ."

"ಅಲ್ಲಪ್ಪಾ, ಸೋರಲಿ ಅಂತಲೇ ಅಲ್ವಾ ಅದನ್ನ ಹೂಳಿದ್ದು?"

ಅವನು ಟೀ ಲೋಟವನ್ನು ಕಟ್ಟೆಯ ಮೇಲಿಟ್ಟು ಗಡಿಗೆಗಳನ್ನೂ ಅವಳನ್ನೂ ನೋಡಿದ. ನೆಲದೊಳಗೆ ನೀರು ತಂಪಾಗಿರಲಿ, ಬೇಕಾದಾಗ ಚೊಂಬಿನಲ್ಲಿ ಮೊಗೆದು ಹಾಕಲಿ ಎಂದು ಹೂಳಿಸಿದ್ದಾರೆಂದು ಅವನು ಅಂದುಕೊಂಡಿದ್ದ. ಅವನಿಗೆ ಯಾರೂ ಬೇರೆ ಹೇಳಿರಲಿಲ್ಲ. ಹದಿನೆಂಟು ವರ್ಷಗಳಿಂದ ಜನ ಅವನನ್ನು ಕರೆದದ್ದೆಲ್ಲ ನೀರನ್ನು ತಡೆಯಲು; ನೀರು ಹೋಗಲಿ ಎಂದು ಇಡುವ ಪಾತ್ರೆಯೊಂದಿರುತ್ತದೆಂದು ಅವನ ತಲೆಗೆ ಹೊಳೆಯುವಂತಿರಲಿಲ್ಲ. ಸೊಸೆಗೆ ಅವನ ಮೇಲೆ ಸಿಟ್ಟು ಮಾಡಿಕೊಳ್ಳಲಾಗಲಿಲ್ಲ. ಅವನು ಐದು ಗಡಿಗೆಗಳನ್ನು ಹಾಳು ಮಾಡಿದ್ದು ಗೊತ್ತಿಲ್ಲದೆ. ಸರಿಯಾಗಿದ್ದ ಒಂದೇ ಒಂದನ್ನು ತಾನು ಬೆರಳು ಮಾಡಿ ತೋರಿಸಿ ಹಾಳು ಮಾಡಿಸಿದ್ದಳು.

ಕೋಟಿಂಗನ್ನು ಕೆರೆದು ತೆಗೆಯಬಹುದೇ ಎಂದಳು. ಏಳು ವರ್ಷ ಗ್ಯಾರಂಟಿ ಎಂದು ಅವನು ಬೇಸರದಿಂದ ಹೇಳಿದ. ಗಡಿಗೆ ಕಿತ್ತು ಬೇರೆ ಹೂಳಿದರೆ ಬೇರು ಹರಿಯುತ್ತದೆ. ಚೊಂಬಿನಲ್ಲೇ ಹಾಕುತ್ತ ಹೋದರೆ ಡ್ರಮ್ಮಿನ ನೀರು ಸಾಲದು. ಉಳಿದದ್ದು ಒಂದೇ ದಾರಿ: ಗಡಿಗೆಗಳ ತಳಕ್ಕೆ ತೂತು ಕೊರೆಯುವುದು.

ಮೈದುನ ಕೆಲಸಕ್ಕೆ ರಜೆ ಹಾಕಿ ಡ್ರಿಲ್ಲಿಂಗ್ ಮಷೀನಿಗೆ ಉದ್ದದ ಬಿಟ್ ಸಿಕ್ಕಿಸಿದ. ಮೊದಲು ನೀರನ್ನೆಲ್ಲ ಮೊಗೆದು ಡ್ರಮ್ಮಿಗೆ ಸುರಿದರು. ಪ್ರಯೋಗಕ್ಕೆ ಮೂರನೆಯ ಗಡಿಗೆಯನ್ನು ಆರಿಸಿಕೊಂಡರು. ತೂತು ದೊಡ್ಡದಾಯಿತು; ಎಂಟು ಲೀಟರ್ ನೀರು ಇಪ್ಪತ್ತು ನಿಮಿಷದಲ್ಲಿ ನೆಲದ ಪಾಲಾಯಿತು. ನಾಲ್ಕನೆಯದಕ್ಕೆ ಸಣ್ಣ ತೂತು ಕೊರೆದು ಹತ್ತಿಬಟ್ಟೆಯ ಬತ್ತಿ ತುರುಕಿದರು. ನೀರು ಒಂದು ಹನಿಯೂ ಹೊರಡಲಿಲ್ಲ. ಬತ್ತಿ ಸಡಿಲಿಸಿದರೆ ಒಂದೇ ಗಂಟೆಗೆ ಖಾಲಿ, ಬಿಗಿದರೆ ಬಂದ್. ಸೊಸೆ ಬಟ್ಟೆಯ ಅಗಲವನ್ನೂ ಗಂಟಿನ ಸಂಖ್ಯೆಯನ್ನೂ ಬರೆದುಕೊಳ್ಳುತ್ತ ಹೋದಳು. ಮಧ್ಯಾಹ್ನದ ಹೊತ್ತಿಗೆ ಮೈದುನ ಬೆವರಿನಲ್ಲಿ ತೊಯ್ದು ಹೀರೆ ಚಪ್ಪರದ ಕೆಳಗೆ ಕೂತುಬಿಟ್ಟ.

"ಸೋರಬೇಡ ಅಂದ್ರೆ ಗ್ಯಾರಂಟಿ ಬರೆದು ಕೊಡ್ತೀನಿ ಅತ್ತಿಗೆ. ಇಷ್ಟೇ ಇಷ್ಟು ಸೋರು ಅಂತ ಹೇಳೋಕೆ ನಂಗೆ ಬರಲ್ಲ."

ಹದಿನೇಳನೆಯ ದಿನ ಮೊದಲನೆಯ ಗಡಿಗೆಯಲ್ಲಿ ಅಳತೆ ಕೂಡಿ ಬಂತು: ಎರಡು ಬೆರಳಗಲದ ಬಟ್ಟೆ, ಮಡಿಸಿ ಹುರಿ ಹಾಕಿದ್ದು, ಒಳಗಡೆ ಒಂದು ಗಂಟು. ದಿನಕ್ಕೆ ಎರಡು ಲೀಟರಿಗಿಂತ ತುಸು ಕಡಿಮೆ. ಅದನ್ನೇ ಆರನೆಯದಕ್ಕೆ ಹಾಕುವ ಮೊದಲು ಸೊಸೆ ಬಟ್ಟೆಯ ಅಗಲವನ್ನು ಎರಡು ಸಲ ಅಳೆದಳು. ಮೂರನೆಯದರ ದೊಡ್ಡ ತೂತನ್ನು ಸಿಮೆಂಟಿನಿಂದ ಕಿರಿದು ಮಾಡಿ, ಅದಕ್ಕೂ ನಾಲ್ಕನೆಯದಕ್ಕೂ ಅದೇ ಬತ್ತಿ ಹಾಕಿದರು. ಐದನೆಯ ಗಿಡ ಅಷ್ಟು ಹೊತ್ತಿಗೆ ಒಣಗಿ ಕಡ್ಡಿಯಾಗಿತ್ತು. ಎರಡನೆಯ ಗಡಿಗೆಯ ಸರದಿ ಬಂದಾಗ ಬಿಟ್ ಮುರಿಯಿತು. ಅದನ್ನು ಹಾಗೆಯೇ ಬಿಟ್ಟು, ಆ ಗಿಡಕ್ಕೆ ದಿನಕ್ಕೊಂದು ಚೊಂಬು ನೀರನ್ನು ಮೇಲಿನಿಂದಲೇ ಹಾಕತೊಡಗಿದಳು.

ಇದಾದ ಮೇಲೂ ಹಿತ್ತಲು ಅವಳಿಗೆ ಪೂರ್ತಿ ಅರ್ಥವಾಯಿತೆನ್ನಲಾಗದು. ಇಪ್ಪತ್ತನಾಲ್ಕನೆಯ ದಿನ ಎಲ್ಲಕ್ಕಿಂತ ಮೊದಲು ಚಿಗುರಿದ್ದು ಎರಡನೆಯ ಗಿಡ. ಬತ್ತಿಯಿಲ್ಲದ, ತೂತಿಲ್ಲದ, ಎಲ್ಲಕ್ಕಿಂತ ಕಡಿಮೆ ನೀರು ಕಂಡ ಗಿಡ. ಅವಳು ನೆರಳನ್ನು ಅಳೆದಳು, ಮಣ್ಣು ನೋಡಿದಳು, ಬೇರೆ ಯಾರಾದರೂ ನೀರು ಹಾಕುತ್ತಿದ್ದಾರೆಯೇ ಎಂದು ಗಂಡನನ್ನೂ ಮೈದುನನನ್ನೂ ಬೇರೆ ಬೇರೆಯಾಗಿ ವಿಚಾರಿಸಿದಳು. ಇಬ್ಬರೂ ಇಲ್ಲವೆಂದರು. ಅತ್ತೆಗೆ ಫೋನಿನಲ್ಲಿ ಹೇಳಿದರೆ, ಚಿಗುರಿದ್ದಕ್ಕೂ ತಪ್ಪು ಹುಡುಕಬೇಡ ಎಂದರು. ಆರನೆಯ ಗಿಡ ಮಾತ್ರ ಒಂದು ವಾರ ಅತ್ತ ಸಾಯದೆ ಇತ್ತ ಬದುಕದೆ ನಿಂತಿತ್ತು. ಕೆಳಗಿನ ಎಲೆಗಳನ್ನೆಲ್ಲ ಕಳಚಿಕೊಂಡಿತು. ಕಾಯಿಯನ್ನು ಬಿಡಲಿಲ್ಲ. ಮೂವತ್ತನೆಯ ದಿನದ ಹೊತ್ತಿಗೆ ಅದರ ತಿಳಿಹಸಿರಿನಲ್ಲಿ ಹಳದಿ ಇಣುಕಿತು. ಸೊಸೆ ಅದು ಹಣ್ಣಾಗುತ್ತಿರುವ ಹಳದಿಯೋ ಸಾಯುತ್ತಿರುವ ಹಳದಿಯೋ ತಿಳಿಯದೆ ದಿನಕ್ಕೆ ಎರಡು ಸಲ ಅದರ ಮುಂದೆ ಕೂತೆದ್ದಳು. ಒಳಗೆ ಬೀಜ ಬಲಿಯುವ ಮೊದಲೇ ಗಿಡ ನಾಲ್ಕು ದಿನ ಬಾಯಾರಿತ್ತು. ಹೊರಗಿನಿಂದ ನೋಡಿ ಹೇಳುವ ಬಗೆ ಯಾವುದೂ ಇರಲಿಲ್ಲ.

ನಲವತ್ತನೆಯ ದಿನ ಅತ್ತೆ ಮನೆಗೆ ಬಂದರು. ಕಪ್ಪು ಕನ್ನಡಕ ತೆಗೆಯದೆಯೇ ಹಿತ್ತಲಿಗೆ ಹೋಗಿ, ಕಾಯಿಯನ್ನು ಕಣ್ಣಿಗಿಂತ ಮೊದಲು ಹೆಬ್ಬೆರಳಿನಿಂದ ಒತ್ತಿ ನೋಡಿ, ಕೊಯ್ಯಲು ಹೇಳಿದರು. ಅದು ಎಂದಿನ ಹಣ್ಣಿನ ಅರ್ಧದಷ್ಟಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಸೊಸೆ ಅದನ್ನು ಸೀಳಿ, ತಿರುಳನ್ನು ನೀರಿನಲ್ಲಿ ಕಿವುಚಿ, ಬೀಜಗಳನ್ನು ಬೇರೆ ಮಾಡಿದಳು. ಮೈದುನ ಬಾಗಿಲಿಗೆ ಒರಗಿ ನಿಂತಿದ್ದ. ಒಳಗೆ ಬರಬಹುದೋ ಬಾರದೋ ಎಂದು ಅವನಿಗೇ ಖಾತ್ರಿಯಿರಲಿಲ್ಲ.

"ಜೊಳ್ಳು ತೇಲುತ್ತೆ, ಗಟ್ಟಿ ಮುಳುಗುತ್ತೆ," ಎಂದರು ಅತ್ತೆ. "ನಂಗೆ ಇನ್ನೂ ಮಂಜುಮಂಜು. ನೀನೇ ಎಣಿಸು, ಗಟ್ಟಿಯಾಗಿ ಎಣಿಸು."

ಅವಳು ಬೀಜಗಳನ್ನೆಲ್ಲ ಅಗಲ ಬಟ್ಟಲಿನ ನೀರಿಗೆ ಬಿಟ್ಟು, ಒಮ್ಮೆ ಕಲಕಿ, ನೀರು ನಿಲ್ಲುವವರೆಗೆ ಕಾದಳು. ಮೊದಲು ಎಲ್ಲವೂ ತೇಲಿದಂತೆ ಕಂಡವು. ಆಮೇಲೆ ಒಂದೊಂದಾಗಿ ಇಳಿಯತೊಡಗಿದವು. ಅವಳು ಎರಡು ಸಲ ಎಣಿಸಿದಳು. ಎರಡು ಸಲವೂ ಒಂದೇ ಬಂತು. ತೇಲಿದವು ಎಪ್ಪತ್ತೊಂದು, ಮುಳುಗಿದವು ಮೂವತ್ತೆಂಟು.